ಬಳುವಳಿಯಾಗಿ ಬಂದ ಐದು ಗತ್ತು

ನನ್ನ ಮದುವೆಯ ಮಾತುಕತೆಯಲ್ಲಿ ಬಂಗಾರದ ವಿಷಯ ಒಂದು ಕಪ್ಪು ಚಹಾ ಕುಡಿಯುವಷ್ಟರಲ್ಲಿ ಮುಗಿದುಹೋಯಿತಂತೆ. ಎಳೆದಾಡಲು ಬಂಗಾರ ಇರಬೇಕಲ್ಲ! ಎಳೆದಾಟ ನಡೆದದ್ದು ಗತ್ತುಗಳ ಬಗ್ಗೆ.

ಗತ್ತು ಎಂದರೆ ಇಲ್ಲಿ ಠೀವಿಯಲ್ಲ. ಅದು ನಮ್ಮ ಅಬ್ಬಾ ಅವರಲ್ಲಿ ಬೇರೆಯಾಗಿಯೇ ಬೇಕಾದಷ್ಟಿತ್ತು. ತಬಲಾದವರು ಧಾ, ತಿರಕಿಟ ಎಂದು ಬಾಯಲ್ಲಿ ಹೇಳುವ ಬೋಲುಗಳನ್ನು ಪೋಣಿಸಿ ಕಟ್ಟಿದ ಒಂದು ರಚನೆಗೆ ಗತ್ ಅನ್ನುತ್ತಾರೆ. ನಮ್ಮ ಕಡೆಯವರ ಬಾಯಲ್ಲಿ ಅದು ಗತ್ತು. ಕೆಲವು ಗತ್ತುಗಳು ಎಲ್ಲರಿಗೂ ಗೊತ್ತಿರುತ್ತವೆ. ಕೆಲವು ಒಂದೇ ಮನೆಯೊಳಗೆ ಅಪ್ಪನಿಂದ ಮಗನಿಗೆ ಇಳಿಯುತ್ತ ಬಂದಿರುತ್ತವೆ. ಹೊರಗಿನವರ ಕಿವಿಗೆ ಬೀಳದಂತೆ ಬಾಗಿಲು ಹಾಕಿಕೊಂಡು ಕಲಿಸುತ್ತಾರೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅಂಥವು ಐದಿದ್ದವು. ಅಬ್ಬಾ ನಾಟಕ ಕಂಪನಿಗಳಲ್ಲಿ, ಅರಳೆ ಅಂಗಡಿಯ ಸಾಹುಕಾರರ ಮನೆಯ ಸಂಗೀತದ ಬೈಠಕ್‌ಗಳಲ್ಲಿ ತಬಲಾ ಬಾರಿಸುತ್ತಿದ್ದರು. ಅವರ ಅಪ್ಪ, ಅಜ್ಜ ಮಾಡಿದ್ದೂ ಅದನ್ನೇ.

ನನ್ನನ್ನು ಕೇಳಿಕೊಂಡು ಬಂದವರು ಧಾರವಾಡದವರು, ಅವರದೂ ತಬಲಾ ಮನೆತನ. ಎರಡೂ ಮನೆಗಳವರು ಎರಡು ತಲೆಮಾರಿನಿಂದ ಒಬ್ಬರೊಡನೊಬ್ಬರು ಬಹಳ ಮರ್ಯಾದೆಯಿಂದ, ಆದರೆ ಒಬ್ಬರನ್ನೊಬ್ಬರು ಒಂದು ಸಲವೂ ಹೊಗಳದೆ ನಡೆದುಕೊಂಡು ಬಂದಿದ್ದರು. ನನ್ನ ಮಾವನವರಾಗಲಿದ್ದ ಆ ಹಿರಿಯರು ಚಹಾದ ಕಪ್ಪುಬಶಿ ಕೆಳಗಿಟ್ಟು, “ನಮಗ ಬ್ಯಾರೆ ಏನೂ ಬ್ಯಾಡ್ರಿ. ನಿಮ್ಮ ಮನ್ಯಾಗಿನ ಆ ಐದು ಗತ್ತು ನಮ್ಮ ಹುಡುಗಗ ಹೇಳಿಕೊಡ್ರಿ, ಸಾಕು,” ಅಂದರಂತೆ.

ಅಬ್ಬಾ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನಮ್ಮಮ್ಮನಿಗೆ ತಡೆಯಲಾಗಲಿಲ್ಲ.

“ಮಗಳನ್ನ ಕೊಡಾಕ ಒಂದ ಮಾತಿಗೆ ಹೂಂ ಅಂದ್ರಿ. ಗತ್ತು ಕೊಡಾಕ ಮೂರು ದಿನಾ ಬೇಕಾತೇನ್ರಿ?”

“ಮಗಳು ಈದಿಗೆ ಬರ್ತಾಳ,” ಅಂದರು ಅಬ್ಬಾ. “ಗತ್ತು ಹೋದ್ರ ಹೋತು.”

ಕೊನೆಗೆ ಒಪ್ಪಿದರು. ಆದರೆ ಷರತ್ತು ಹಾಕಿದರು: ನಿಕಾಹ್ ಆದ ಮೇಲೆಯೇ ಹೇಳುವುದು, ಅಳಿಯನೊಬ್ಬನಿಗೇ ಹೇಳುವುದು, ಒಮ್ಮೆ ಮಾತ್ರ ಹೇಳುವುದು. ಕಾಗದ ಪೆನ್ಸಿಲ್ಲು ಇಟ್ಟುಕೊಳ್ಳುವಂತಿಲ್ಲ.

ಈ ಮಾತುಗಳು ನಡೆದಾಗ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ತಬಲಾ ಮುಟ್ಟುವ ಪದ್ಧತಿ ಇರಲಿಲ್ಲ, ನಿಜ. ಆದರೆ ಅಬ್ಬಾ ನನ್ನ ಅಣ್ಣನಿಗೆ ಕಲಿಸುತ್ತಿದ್ದ ಕೋಣೆಗೂ ಅಡಿಗೆಮನೆಗೂ ನಡುವೆ ಇದ್ದದ್ದು ಒಂದು ತಟ್ಟಿಗೋಡೆ. ಅಣ್ಣ ಒಂದು ಗತ್ತು ಹಿಡಿಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಅದು ನನಗೂ ನಮ್ಮಮ್ಮನಿಗೂ ಬಾಯಿಪಾಠವಾಗಿ, ಬೇಜಾರೂ ಆಗಿರುತ್ತಿತ್ತು. ಬೇರೆ ಹುಡುಗಿಯರು ಬೀಸುವಾಗ ಹಾಡು ಹೇಳುತ್ತಿದ್ದರೆ ನಾನು ‘ಧಾ ತಿರಕಿಟ ಧಾ’ ಅನ್ನುತ್ತಿದ್ದೆ.

ಮದುವೆ ನಡೆದದ್ದು ಬಿಸಿಲು ಕಾಯುವ ವೈಶಾಖದಲ್ಲಿ, ಎರಡನೆಯ ದೊಡ್ಡ ಯುದ್ಧ ಶುರುವಾಗಲು ಇನ್ನೂ ಮೂರ್ನಾಲ್ಕು ವರ್ಷ ಇತ್ತು. ಊಟ ಮುಗಿದ ಮೇಲೆ ಅಬ್ಬಾ ಅಳಿಯನನ್ನು ಆ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ತಟ್ಟಿಗೋಡೆಯ ಈಚೆ, ಹೆಂಗಸರ ನಡುವೆ, ತಲೆಯ ಮೇಲೆ ಹೂವಿನ ಭಾರ ಹೊತ್ತು ನಾನು ಕೂತಿದ್ದೆ. ನನ್ನ ಗಂಡನ ಮುಖ ಇನ್ನೂ ನೋಡಿರಲಿಲ್ಲ. ಮೊದಲು ಕೇಳಿದ್ದು ಅವರ ‘ಹೂಂ’.

ಅಬ್ಬಾ ಮೊದಲನೆಯ ಗತ್ತು ಹೇಳಿದರು. ಆ ಕಡೆಯಿಂದ ಗಟ್ಟಿಯಾಗಿ “ಹೂಂ.” ಎರಡನೆಯದಕ್ಕೂ “ಹೂಂ.” ಮೂರನೆಯದು ಉದ್ದದ ಗತ್ತು. ಅದರ ನಡುವೆ ಬಂದ ಹೂಂ ಸ್ವಲ್ಪ ಎಳೆದಂತಿತ್ತು. ನಾಲ್ಕನೆಯದಕ್ಕೆ ಬಂದದ್ದು ಹೂಂ ಅಲ್ಲ, ಉಸಿರು. ಹೊಟ್ಟೆ ತುಂಬ ಪಲಾವು ಉಂಡು, ಮೂರು ದಿನ ನಿದ್ದೆಗೆಟ್ಟು, ಸೆಕೆಯಲ್ಲಿ ಶೇರವಾನಿ ಹಾಕಿಕೊಂಡು ಕೂತ ಮನುಷ್ಯ ತೂಕಡಿಸುತ್ತಿದ್ದ! ಅಬ್ಬಾ ಕಣ್ಣು ಮುಚ್ಚಿ ಗತ್ತು ಹೇಳುವವರು, ಅವರಿಗೆ ಹೇಗೆ ಗೊತ್ತಾಗಬೇಕು? ಹೂವಿನ ಕೆಳಗೆ ನನಗೆ ನಗು ತಡೆಯಲಾಗಲಿಲ್ಲ. ಭುಜ ಕುಣಿಯುವುದನ್ನು ನೋಡಿ ಪಕ್ಕದಲ್ಲಿದ್ದ ಚಿಕ್ಕಮ್ಮ, “ಅಳಬ್ಯಾಡವಾ, ಧಾರವಾಡ ಏನು ದೂರ ಐತಿ?” ಎಂದು ಬೆನ್ನು ಸವರಿದರು. ಐದನೆಯ ಗತ್ತು ಶುರುವಾಗುವಷ್ಟರಲ್ಲಿ ಹೆಂಗಸರು ನನ್ನನ್ನು ಎಬ್ಬಿಸಿ ಬೇರೆ ಶಾಸ್ತ್ರಕ್ಕೆ ಕರೆದುಕೊಂಡು ಹೋದರು. ಅದೊಂದನ್ನು ನಾನು ಕೇಳಲಿಲ್ಲ.

ಧಾರವಾಡದ ಮನೆಯಲ್ಲಿ ಕನ್ನಡವೇ ಹೆಚ್ಚು. ಅತ್ತೆ ಹೆಬ್ಬಳ್ಳಿ ಎಂಬ ಹಳ್ಳಿಯಲ್ಲಿ ಬೆಳೆದವರು, ಕೋಳಿಗಳ ಜೊತೆಗೂ ಮಾತಾಡುವವರು. ನಾನು ಹೋದ ನಾಲ್ಕನೆಯ ದಿನ ಮಾವನವರು ಪಡಸಾಲೆಯಲ್ಲಿ ಚಾಪೆ ಹಾಸಿಸಿ, ಮಗನ ಮುಂದೆ ತಬಲಾ, ಎಡಗೈಗೆ ಡಗ್ಗಾ ಇರಿಸಿ, “ಬಾರಸು, ಕೇಳೋಣು,” ಅಂದರು.

ನಾನು ಅಡಿಗೆಮನೆಯಲ್ಲಿ ಕಿವಿಯಾಗಿ ನಿಂತೆ. ಮೊದಲೆರಡು ಗತ್ತು ಚೆನ್ನಾಗಿಯೇ ಬಂದವು; ಕೈ ಒಳ್ಳೆಯ ಕೈ ಎಂದು ನನಗೆ ಅಂದೇ ಗೊತ್ತಾಯಿತು. ಮೂರನೆಯದು ನಡುದಾರಿಯಲ್ಲಿ ಕವಲೊಡೆದು ಎಲ್ಲೋ ಹೋಯಿತು. ನಾಲ್ಕನೆಯದು ನಾಲ್ಕನೆಯದಾಗಿ ಶುರುವಾಗಿ ಮೂರನೆಯದಾಗಿ ಮುಗಿಯಿತು. ಐದನೆಯದು ಮಾತ್ರ ಮೊದಲಿಂದ ಕೊನೆಯವರೆಗೆ ಒಂದು ಪೆಟ್ಟೂ ತಪ್ಪದೆ ಬಂತು.

“ಇದೊಂದು ಖರೇ ಐತಿ,” ಅಂದರು ಮಾವ. “ಉಳದದ್ದೆಲ್ಲಾ ಸುಳ್ಳು. ಹುಬ್ಬಳ್ಳ್ಯಾವ್ರು ಒಡಕ ಗಡಿಗಿ ಕೊಟ್ಟು ಕಳಿಸ್ಯಾರ ನೋಡು!”

ನನ್ನ ಗಂಡ ನಿದ್ದೆ ಹೋದದ್ದನ್ನು ಹೇಳದೆ, ತಲೆ ತಗ್ಗಿಸಿ ತಬಲಾ ಎತ್ತಿಟ್ಟರು. ನನಗೆ ಮೈ ಉರಿಯಿತು. ಅಬ್ಬಾ ಕೊಟ್ಟ ನಾಲ್ಕಕ್ಕೂ ನಾನೇ ಸಾಕ್ಷಿ. ಆದರೆ ಉರಿಯ ಜೊತೆಗೆ ಇನ್ನೊಂದು ಸಂಕಟವೂ ಸೇರಿಕೊಂಡಿತು. ಮಾವ ಖರೇ ಅಂದ ಆ ಐದನೆಯ ಗತ್ತಿನ ನಡುವೆ ಬೋಲುಗಳು ಸುತ್ತಿ ಸುತ್ತಿ ಬರುವ ಚಕ್ರ, ಇಡೀ ಗತ್ತಿಗೇ ಜೀವವಾಗಿದ್ದ ಭಾಗ, ಅದರಲ್ಲಿ ಇರಲೇ ಇಲ್ಲ. ಐದನೆಯದರ ಹೊತ್ತಿಗೆ ನನ್ನ ಗಂಡನಿಗೆ ಎಚ್ಚರವಾಗಿರಬೇಕು; ಕಲಿತವರು ಮರೆತು ಬಿಟ್ಟದ್ದಲ್ಲ ಅದು. ಹೇಳಿದವರೇ ನಾಜೂಕಾಗಿ ತೆಗೆದು, ಎರಡೂ ತುದಿ ಸೇರಿಸಿ ಹೊಲಿದಿದ್ದರು.

ಅಂದು ಸಂಜೆ ರೊಟ್ಟಿ ಬಡಿಯಲು ಕೂತೆ. ಸಿಟ್ಟು ಕೈಗೆ ಇಳಿದಿತ್ತು. ಯಾವಾಗ ಶುರುಮಾಡಿದೆನೋ, ಜೋಳದ ಹಿಟ್ಟಿನ ಮೇಲೆ ಮೂರನೆಯ ಗತ್ತು ತಾನಾಗಿ ಬೀಳತೊಡಗಿತ್ತು. ಹಂಚಿನ ಮುಂದೆ ಕೂತಿದ್ದ ಅತ್ತೆ ತಿರುಗಿ ನೋಡಿದರು.

“ಏನ ಬಾರಸಾಕತ್ತೀ?”

“ಏನಿಲ್ರಿ ಅಮ್ಮಾ, ರೊಟ್ಟಿ.”

“ರೊಟ್ಟಿಗೆ ತಿರಕಿಟ ಯಾಕ ಬೇಕು? ನಮ್ಮ ಹುಡುಗ ತಪ್ಪಿಸಿದ ಮೂರನೇದ್ದು ಹೌದಿಲ್ಲೋ ಅದು? ಸುಳ್ಳ ಹೇಳಬ್ಯಾಡ.”

ನಾನು ಹೆದರಿ ಎಲ್ಲವನ್ನೂ ಹೇಳಿಬಿಟ್ಟೆ: ತಟ್ಟಿಗೋಡೆ, ಪಲಾವು, ಹೂಂ, ಉಸಿರು. ಐದನೆಯ ಗತ್ತಿನ ವಿಷಯ ಮಾತ್ರ ನುಂಗಿಕೊಂಡೆ. ಅತ್ತೆ ಮುಖಕ್ಕೆ ಸೆರಗು ಒತ್ತಿಕೊಂಡರು. ಬೈಯುತ್ತಾರೆ ಅಂದುಕೊಂಡೆ. ಸೆರಗು ತೆಗೆದಾಗ ಕಣ್ಣಲ್ಲಿ ನಗೆಯ ನೀರು ತುಂಬಿತ್ತು. ರೊಟ್ಟಿ ಕರಕಾಗುತ್ತಿದ್ದುದು ಇಬ್ಬರಿಗೂ ಗೊತ್ತಾಗಲಿಲ್ಲ.

“ನಮ್ಮಪ್ಪನೂ ತಬಲಾದಾವನ ಇದ್ದ. ನನ್ನ ಜೋಡಿ ನಾಕು ಗತ್ತು ಕೊಟ್ಟು ಕಳಿಸಿದ,” ಅಂದರು ಪಡಸಾಲೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ. “ನಿಮ್ಮ ಮಾವ ಮನೀ ಮುಟ್ಟೂದ್ರಾಗ ಮೂರು ಮರತಿದ್ರು. ಯಾರು ಕಲಿಸಿದ್ರು ಅಂತೀ?”

ಗಂಡನಿಗೆ ಪಾಠ ಹೇಳುವ ಏರ್ಪಾಡು ಮಾಡಿದವರೂ ಅತ್ತೆಯೇ. ಕೆಲಗೇರಿ ಕೆರೆಯ ದಂಡೆಯ ಮೇಲಿದ್ದ ಒಬ್ಬ ಸಂಬಂಧಿಕರ ಮನೆಗೆ ವಾರಕ್ಕೆ ಎರಡು ಸಲ ಏನಾದರೊಂದು ಕೊಟ್ಟು ಕಳಿಸತೊಡಗಿದರು: ಒಮ್ಮೆ ಉಪ್ಪಿನಕಾಯಿ, ಒಮ್ಮೆ ಮೊಟ್ಟೆ, ಏನೂ ಇಲ್ಲದಾಗ ಬರಿಯ ಸಲಾಮು. ಹೊಸ ಮದುಮಗಳು ಒಬ್ಬಳೇ ಹೋಗಬಾರದೆಂದು ಮಗನನ್ನು ಜೊತೆಗೆ ಅಟ್ಟುತ್ತಿದ್ದರು.

ಮೊದಲ ದಿನ ಕೆರೆಯ ಏರಿಯ ಮೇಲೆ ನಾನು ಮೂರನೆಯ ಗತ್ತು ಹೇಳಿದಾಗ ನನ್ನ ಗಂಡ ನಿಂತೇಬಿಟ್ಟರು.

“ನಿನಗ ಹೆಂಗ ಗೊತ್ತು?”

“ನಾ ಮಲಗಿರಲಿಲ್ಲರಿ.”

ಕಿವಿ ಕೆಂಪಾಯಿತು ಅವರದು. ಹೆಂಡತಿಯಿಂದ ಕಲಿಯುವುದೇ ಎಂದು ಹತ್ತು ಹೆಜ್ಜೆ ಮುಂದೆ ನಡೆದರು. ಆಮೇಲೆ ಮಾವನ ಒಡಕ ಗಡಿಗಿ ನೆನಪಾಯಿತೋ ಏನೋ, ಹತ್ತು ಹೆಜ್ಜೆ ಹಿಂದೆ ಬಂದು, “ಇನ್ನೊಮ್ಮೆ ಹೇಳು,” ಅಂದರು.

“ಹೇಳ್ರಿ ಅನ್ರಿ. ಉಸ್ತಾದರಿಗೆ ಹಂಗ ಮಾತಾಡ್ತಾರೇನು?”

“ಹೇಳ್ರಿ,” ಅಂದರು, ಆಚೀಚೆ ನೋಡಿ.

ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನಮ್ಮನ್ನು ನೋಡುತ್ತಿದ್ದರು. ತೊಡೆಯ ಮೇಲೆ ತಬಲಾ ಬಾರಿಸುವ ಗಂಡ, ತಾಳ ತಪ್ಪಿದರೆ ಅವನ ಕೈ ಹಿಡಿದು ನಿಲ್ಲಿಸುವ ಹೆಂಡತಿ. ಯಾವುದೋ ಹುಚ್ಚಿಗೆ ಔಷಧ ಕೊಡಿಸಲು ಕರೆದೊಯ್ಯುತ್ತಿದ್ದಾಳೆ ಅಂದುಕೊಂಡಿರಬೇಕು. ಗುರುದಕ್ಷಿಣೆ ನಾನು ಬಿಡಲಿಲ್ಲ. ಮೂರನೆಯ ಗತ್ತಿಗೆ ಹಸಿರು ಬಳೆ, ನಾಲ್ಕನೆಯದಕ್ಕೆ ಹುಬ್ಬಳ್ಳಿಯಲ್ಲಿ ಒಂದು ನಾಟಕ. ಎರಡೂ ಸಿಕ್ಕವು. ಎರಡು ತಿಂಗಳ ಆ ಓಡಾಟದಲ್ಲಿ ನಾವು ಗಂಡ ಹೆಂಡಿರಾದೆವು ಎಂದು ಈಗ ಅನಿಸುತ್ತದೆ.

ಮಳೆ ಹಿಡಿಯುವ ಹೊತ್ತಿಗೆ ಮತ್ತೆ ಪಡಸಾಲೆಯಲ್ಲಿ ಚಾಪೆ ಬಿತ್ತು. ಈ ಸಲ ನಾಲ್ಕೂ ಗತ್ತು ಸರಿಯಾಗಿ ಸಮ್ಮಿಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂತವು. ಮಾವ ತಲೆದೂಗಿದರು.

“ಹುಬ್ಬಳ್ಳಿಗೆ ಹೋಗಿ ಮತ್ತ ಕೇಳಿಕೊಂಡು ಬಂದೇನು?”

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಹಾಗೆ ಅನ್ನಲಿ ಎಂದು ನಾನೇ ಬಾಗಿಲ ಸಂದಿಯಿಂದ ಕಣ್ಣು ಮಾಡಿದೆ. ಅವರು ನೋಡಿಯೂ ನೋಡದವರಂತೆ, “ಇಲ್ರಿ ಅಬ್ಬಾ. ಅವತ್ತ ಹುಬ್ಬಳ್ಳಿ ಮಾವ ಬರೋಬ್ಬರಿನ ಹೇಳಿದ್ರು. ನಾ ನಿದ್ದಿ ಹೊಡದಿದ್ದೆ. ಇವನ್ನ ನನಗ ನಿಮ್ಮ ಸೊಸಿ ಕಲಿಸ್ಯಾಳ,” ಅಂದರು.

ಮಾವನವರ ಬಾಯಿ ತೆರೆಯಿತು. ಆಮೇಲೆ ಅವರು ಮೆಲ್ಲಗೆ ಅತ್ತೆಯ ಕಡೆ ತಿರುಗಿದರು. ಅತ್ತೆ ಬಹಳ ಶ್ರದ್ಧೆಯಿಂದ ಮಾಡಿನ ಹಂಚು ನೋಡುತ್ತಿದ್ದರು. ಮಾವ ಬಾಯಿ ಮುಚ್ಚಿಕೊಂಡು, “ಹೂಂ. ಹಂಗೂ ನಡೀತೈತಿ,” ಎಂದು ಎದ್ದು ಮಸೀದಿಗೆ ಹೋದರು.

ನನ್ನ ಗಂಡನ ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಹತ್ತದಂತಾಯಿತು. ಹೀಗೆ ಖರೇ ಹೇಳಿದ ಮನುಷ್ಯನಿಂದ ನಾನು ಅರ್ಧ ಗತ್ತು ಮುಚ್ಚಿಟ್ಟುಕೊಂಡು ಬಾಳುವುದು ಹೇಗೆ? ಕೊಟ್ಟರೆ ಅಬ್ಬಾ ಮೋಸ ಮಾಡಿದರು ಎಂದು ನಾನೇ ಹೇಳಿದಂತೆ. ಈದಿಗೆ ತವರಿಗೆ ಹೋದಾಗ, ಅಬ್ಬಾ ಒಬ್ಬರೇ ಕೂತು ತಬಲಾದ ಬಾರು ಬಿಗಿಯುತ್ತಿದ್ದಾಗ, ಹತ್ತಿರ ಕೂತು ಕೇಳಿದೆ.

“ಐದನೇದ್ರಾಗಿನ ಚಕ್ರ ಎಲ್ಲಿ ಹೋತು ಅಬ್ಬಾ?”

ಅಬ್ಬಾ ನನ್ನ ಮುಖ ನೋಡಲಿಲ್ಲ. ಸುತ್ತಿಗೆಯಿಂದ ಬಾರಿನ ಕೆಳಗಿನ ಮರದ ಗಟ್ಟೆಗೆ ಒಂದು ಪೆಟ್ಟು ಹಾಕಿದರು, ನಾದ ಕೇಳಿದರು, ಇನ್ನೊಂದು ಹಾಕಿದರು.

“ಅವತ್ತ ನೀ ಹೊಂಟಿದ್ದಿ. ನಾಕು ಗತ್ತೂ ಹೋದುವು. ಐದನೇದು ಹೇಳಾಕ ಕೂತಾಗ ನಾಲಿಗಿ ಏಳಲಿಲ್ಲ. ಮನ್ಯಾಗ ಏನರ ಒಂದು ಇರಲಿ ಅನಿಸ್ತು,” ಅಂದರು. ಅವರು ಹಾಗೆ ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ತಪ್ಪಾತು. ಅದು ನಿನಗ ಬರ್ತೈತಲ್ಲ. ಕೊಡಬೇಕು ಅನಿಸಿದ್ರ ಕೊಡು. ಬ್ಯಾಡ ಅನಿಸಿದ್ರ ಬಿಡು. ಮಾಲು ಈಗ ನಿಂದು.”

ಧಾರವಾಡಕ್ಕೆ ಮರಳಿದ ದಿನವೇ ಕೊಟ್ಟೆ. ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ನನ್ನ ಗಂಡ ಕೇಳಲಿಲ್ಲ. ಚಕ್ರವನ್ನು ಎರಡು ಸಲ ತೊಡೆಯ ಮೇಲೆ ಬಾರಿಸಿ, “ನಮ್ಮ ಮಾವ ಭಾರೀ ಕಳ್ಳ ಅದಾರ. ಎಲ್ಲಿ ಹೊಲದಾರ ಗೊತ್ತ ಆಗಂಗಿಲ್ಲ ನೋಡು!” ಎಂದು ಮನಸಾರೆ ನಕ್ಕರು. ಅಬ್ಬಾಗೆ ಧಾರವಾಡದ ಮನೆತನದಿಂದ ಸಿಕ್ಕ ಮೊದಲ ಹೊಗಳಿಕೆ ಅದು.

ಮುಂದಿನ ಚಳಿಗಾಲದಲ್ಲಿ ಹುಬ್ಬಳ್ಳಿಯ ಒಬ್ಬ ಅರಳೆ ಸಾಹುಕಾರರ ಮನೆಯಲ್ಲಿ ಬೈಠಕ್ ಆಯಿತು. ಹಾಡುವವರು ಮಿರಜದಿಂದ ಬರಬೇಕಿತ್ತು, ರೈಲು ತಡವಾಯಿತು. ಜನ ಬೇಸತ್ತು ಏಳುವುದನ್ನು ಕಂಡು ಸಾಹುಕಾರರು ನನ್ನ ಗಂಡನಿಗೆ, “ಅಲ್ಲೀತನಕಾ ನೀವ ಏನರ ಬಾರಸ್ರಿ,” ಅಂದರು. ಅಬ್ಬಾ ಮುಂದಿನ ಸಾಲಿನಲ್ಲಿದ್ದರು. ನಾನು ಹೆಂಗಸರ ಜೊತೆ ಪರದೆಯ ಹಿಂದೆ.

ಐದನೆಯ ಗತ್ತು ಬಂತು. ಹೊಲಿಗೆ ಬಿಚ್ಚಿಕೊಂಡು, ಚಕ್ರ ಪೂರ್ತಿ ತಿರುಗಿ ಸಮ್ಮಿಗೆ ಬಿದ್ದಾಗ ಮುಂದಿನ ಸಾಲಿನಿಂದ ಯಾರೋ “ವಾಹ್!” ಎಂದು ಕೂಗಿದರು. ಅದು ಅಬ್ಬಾ ಅವರದೇ ದನಿ. ಕೂಗಿದ ಮೇಲೆ ತಾವೇ ಗಾಬರಿಯಾಗಿ ಪರದೆಯ ಕಡೆ ನೋಡಿದರು. ನಾನು ಪರದೆ ಸರಿಸಿ ನಕ್ಕೆ. ಸಾಹುಕಾರರ ಮನೆಯ ಹೆಂಗಸರು ನನ್ನ ಬಗ್ಗೆ ಏನಂದುಕೊಂಡರೋ ಗೊತ್ತಿಲ್ಲ.

ಮರುದಿನ ಮುಂಜಾನೆ ಅಬ್ಬಾ ಚಹಾ ಕುಡಿಯುತ್ತ, “ಕೈ ಛಲೋ ಐತಿ. ಡಗ್ಗಾ ಸ್ವಲ್ಪ ಭಾರ ಆತು. ತಿಂಗಳಿಗೊಮ್ಮೆ ಬಾ ಅನ್ನು, ತಿದ್ದಿ ಕೊಡ್ತೇನಿ,” ಅಂದರು. ನನ್ನ ಗಂಡ ಬರತೊಡಗಿದರು. ಡಗ್ಗಾ ಭಾರ ಎಂಬ ಮಾತು ಧಾರವಾಡ ಮುಟ್ಟಿತು. “ಡಗ್ಗಾ ನಾ ಕಲಿಸಿದ್ದು. ಅದರಾಗ ಏನ ತಪ್ಪೈತಿ, ನನ್ನ ಮುಂದ ಹೇಳ್ಲಿ!” ಎಂದು ಮಾವನವರೂ ರೈಲು ಹತ್ತಿದರು. ಅಂದಿನಿಂದ ತಿಂಗಳಿಗೊಮ್ಮೆ ನಮ್ಮ ತವರಿನ ಚಾಪೆಯ ಮೇಲೆ ಇಬ್ಬರು ಮುದುಕರು ಎದುರುಬದುರು ಕೂತು, ನಡುವೆ ನನ್ನ ಗಂಡನನ್ನು ಕೂರಿಸಿಕೊಂಡು, ಎಡಗೈ ಹೀಗೆ, ಅಲ್ಲ ಹಾಗೆ ಎಂದು ಜಗಳ ತೆಗೆಯುವುದು ರೂಢಿಯಾಯಿತು. ಊಟಕ್ಕೆ ಕರೆದರೆ ಒಬ್ಬರೂ ಏಳುತ್ತಿರಲಿಲ್ಲ.