ಮೂರನೆಯ ಹೆಸರು

ನನಗೆ ಹಕ್ಕಿ ನೋಡುವುದನ್ನು ಕಲಿಸಿದ ಅಂಕಲ್ ಈಗ ನನ್ನೊಡನೆ ಹಕ್ಕಿಗಳ ಮಾತೆತ್ತುವುದಿಲ್ಲ. ಕಾರಣ ನಾನೇ. ಇದನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಗಂಡನಿಗೆ ಹೇಳುವಾಗಲೂ ಒಂದಷ್ಟು ನುಂಗಿಕೊಂಡಿದ್ದೆ.

ಅಂಕಲ್ ಹಾಸನದ ಕಡೆಯವರು. ಹಡಗು ರಿಪೇರಿ ಮಾಡುವ ಯಾರ್ಡಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾಗಿ, ಹೆಂಡತಿಯ ಜೊತೆ ಸಿಂಗಪುರದ ಪಾಸಿರ್ ರಿಸ್‌ನಲ್ಲಿದ್ದರು. ನಾನು ಮೈಸೂರಿನಿಂದ ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸದರಲ್ಲಿ ಕನ್ನಡದವರೊಬ್ಬರ ಮನೆಯಲ್ಲಿ ಪರಿಚಯವಾದರು.

"ಭಾನುವಾರ ಬೆಳಿಗ್ಗೆ ಏನ್ ಮಾಡ್ತೀಯಮ್ಮ?" ಎಂದು ಕೇಳಿದರು.

"ನಿದ್ದೆ ಮಾಡ್ತೀನಿ ಅಂಕಲ್."

"ಅದನ್ನ ಎಲ್ಲರೂ ಮಾಡ್ತಾರೆ. ಪುಂಗೋಲ್‌ಗೆ ಬಾ, ಹಕ್ಕಿ ತೋರಿಸ್ತೀನಿ."

ಆಗ ಪುಂಗೋಲ್‌ನಲ್ಲಿ ಎದೆಯೆತ್ತರ ಹುಲ್ಲು ಬೆಳೆದ ಬಯಲುಗಳಿದ್ದವು. ಈಗ ನಾನಿರುವ ಮನೆಯೂ ಅಂಥದೇ ಒಂದು ಬಯಲಿನ ಮೇಲೆ ಎದ್ದು ನಿಂತದ್ದು. ಆ ಭಾನುವಾರ ಅವರು ಒಂದು ಒಣಕಡ್ಡಿಯ ತುದಿಯಲ್ಲಿ ಕೂತಿದ್ದ ಹಕ್ಕಿ ತೋರಿಸಿದರು. ಗುಬ್ಬಿಗಿಂತ ತುಸು ದೊಡ್ಡದು, ಕಣ್ಣಿನ ಮೇಲೆ ಕಳ್ಳನ ಹಾಗೆ ಕಪ್ಪು ಪಟ್ಟಿ, ಕೊಕ್ಕಿನ ತುದಿ ಕೊಕ್ಕೆ. ಬ್ರೌನ್ ಶ್ರೈಕ್.

"ತಲೆ ನೋಡು ತಲೆ," ಎಂದರು. "ಇಲ್ಲಿಗೆ ಚಳಿಗಾಲದಲ್ಲಿ ಬರೋ ಬ್ರೌನ್ ಶ್ರೈಕ್‌ಗಳ ತಲೆ ಸಾಮಾನ್ಯವಾಗಿ ಕಂದು. ಇದರದ್ದು ಬೂದಿ ಬಳಿದ ಹಾಗಿದೆ. ಇದು ಚೀನಾ, ಕೊರಿಯಾ ಕಡೆ ಮರಿ ಮಾಡೋ ಒಳಜಾತಿ. ವೈಜ್ಞಾನಿಕ ಹೆಸರಲ್ಲಿ ಮೊದಲೆರಡು ಹೆಸರು ಎರಡಕ್ಕೂ ಒಂದೇ. ಮೂರನೇ ಹೆಸರು ಬೇರೆ. ಇದಕ್ಕೆ ಲೂಸಿಯೊನೆನ್ಸಿಸ್ ಅಂತಾರೆ." ಆಮೇಲೆ ತಮ್ಮಷ್ಟಕ್ಕೇ ನಕ್ಕರು. "ಊರಲ್ಲಿ ಮನುಷ್ಯರ ಒಳಪಂಗಡ ವಿಚಾರಿಸ್ತಿದ್ದರೆ ಮೈ ಉರೀತಿತ್ತು. ಇಲ್ಲಿ ಬಂದು ಹಕ್ಕಿಗಳದ್ದು ವಿಚಾರಿಸ್ತಾ ಕೂತಿದೀನಿ."

ಅವರ ಬಳಿ ಕ್ಯಾಮೆರಾ ಇರಲಿಲ್ಲ. ಬೈನಾಕ್ಯುಲರ್ ಮತ್ತು ಸೀಸದಕಡ್ಡಿ, ಅಷ್ಟೇ. ಯಾವ ದಿನ, ಯಾವ ಪೊದೆ, ನೆತ್ತಿಯ ಬಣ್ಣ, ಹುಬ್ಬಿನ ಗೆರೆ ಎಲ್ಲವನ್ನೂ ಬರೆದಿಟ್ಟ ಹನ್ನೊಂದು ನೋಟ್‌ಬುಕ್ಕುಗಳಿದ್ದವು. ಆ ಬಯಲಿಗೆ ಬೂದು ತಲೆಯವು ಪ್ರತಿ ವರ್ಷವೂ ಬರುತ್ತವೆಂದು ಕಂಡುಕೊಂಡವರು ಅವರೇ. ಪಕ್ಷಿಪ್ರಿಯರ ಒಂದು ಸಣ್ಣ ಗುಂಪು ಎಲ್ಲರ ದಾಖಲೆ ಸೇರಿಸುವ ವೆಬ್‌ಸೈಟ್ ಶುರು ಮಾಡಿದಾಗ, ಅವರು ತಮ್ಮದೆಲ್ಲವನ್ನೂ ಮೂರೂ ಹೆಸರಿನ ಸಮೇತ ಅದರೊಳಗೆ ಹಾಕಿದರು. ಅಂದಿನ ಪರಿಶೀಲಕರು ನೋಟ್‌ಬುಕ್ ನೋಡಿ, ಪ್ರಶ್ನೆ ಕೇಳಿ, ಒಂದೊಂದನ್ನೂ ಒಪ್ಪಿಕೊಂಡಿದ್ದರು.

ಕೆಲವು ವರ್ಷಗಳ ನಂತರ ಆ ವೆಬ್‌ಸೈಟಿನ ಹೊಣೆ ನನ್ನ ಕೈಗೆ ಬಂತು. ಒನ್-ನಾರ್ತ್‌ನ ಟೆಕ್ ಪಾರ್ಕಿನ ಕಂಪನಿಯೊಂದರಲ್ಲಿ ನನ್ನ ಕೆಲಸವೂ ಡೇಟಾ ಸೋಸುವುದೇ ಆಗಿತ್ತು. ಗುಂಪಿನ ಮುಖ್ಯಸ್ಥನಾಗಿ ಬಂದವನು ಇಲ್ಲೇ ಬೆಳೆದ ಕನ್ನಡದ ಯುವಕ, ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವನು. ಚಿಕ್ಕಂದಿನಲ್ಲಿ ಅವನಿಗೂ ಹಕ್ಕಿ ತೋರಿಸಿದವರು ಇದೇ ಅಂಕಲ್.

ಹೊಸ ಸಿಸ್ಟಮ್‌ಗೆ ಶಿಫ್ಟ್ ಆಗಬೇಕಾದಾಗ ತೊಂದರೆ ಶುರುವಾಯಿತು. ಹಳೆಯದರಲ್ಲಿ ಹೆಸರಿನ ಕಾಲಮ್ ಒಂದೇ ಇತ್ತು, ಜನ ತಮಗೆ ತೋಚಿದ್ದನ್ನೆಲ್ಲ ಅದರಲ್ಲಿ ತುಂಬಿದ್ದರು. ಕೆಲವರು ಎರಡು ಹೆಸರು, ಕೆಲವರು ಮೂರು, ಕೆಲವರು "ಬೂದು ತಲೆ" ಎಂದು ಇಂಗ್ಲಿಷಿನಲ್ಲಿ, ಅನೇಕರು ತಪ್ಪು ಕಾಗುಣಿತದಲ್ಲಿ. ಹೊಸ ಸಿಸ್ಟಮ್ ಎರಡು ಹೆಸರಿಗಿಂತ ಹೆಚ್ಚಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲ.

"ಮೂರನೇ ಹೆಸರಿಗೆ ಬೇರೆ ಕಾಲಮ್ ಮಾಡೋಣ," ಎಂದೆ. "ಆದರೆ ಒಂದೊಂದಾಗಿ ಚೆಕ್ ಮಾಡಬೇಕು. ಟೈಮ್ ಬೇಕು."

"ಆಂಟಿ, ಥರ್ಡ್ ನೇಮ್ ಎಲ್ಲ ಬೇಡ ಲಾ," ಎಂದ ಯುವಕ, ಇಲ್ಲಿಯವರ ಹಾಗೆ "ಲಾ" ಸೇರಿಸಿ. "ಹಾಫ್ ಆಫ್ ದೆಮ್ ಗೆಸ್ ಮಾಡಿರೋದು. ಸ್ಪೀಶೀಸ್ ಇದ್ರೆ ಸಾಕು. ಈ ತಿಂಗಳೇ ಲಾಂಚ್ ಮಾಡ್ಬೇಕು."

ನಾನು ವಾದ ಮಾಡಬಹುದಿತ್ತು. ಮಗಳ ಪರೀಕ್ಷೆ ಹತ್ತಿರ ಬಂದಿತ್ತು, ಆಫೀಸಿನಲ್ಲೂ ಒತ್ತಡವಿತ್ತು, ಅವನ ಮಾತು ನನಗೆ ಅನುಕೂಲವಾಗಿತ್ತು. ಮೊದಲೆರಡು ಪದ ಉಳಿಸಿ ಮಿಕ್ಕದ್ದನ್ನು ಕತ್ತರಿಸುವ ಪುಟ್ಟ ಪ್ರೋಗ್ರಾಂ ಬರೆದು ಓಡಿಸಿದೆ. ಕಾಫಿ ತರುವಷ್ಟರಲ್ಲಿ ಮುಗಿದಿತ್ತು. ಹಳೆಯ ಪ್ರತಿ ಹಳೆಯ ಸರ್ವರ್‌ನಲ್ಲಿ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಆ ಸರ್ವರ್ ಮುಚ್ಚಿಹೋದದ್ದು ಎರಡು ವಾರದ ಮೇಲೆ ಗೊತ್ತಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯ ಮೇಲೆ, ಅದೇ ಹೆಸರಿನಲ್ಲಿ, ಹೊಸದನ್ನು ನಾನೇ ಸೇವ್ ಮಾಡಿದ್ದೆ.

ಅದಾದ ಮೇಲೆ ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅಂಕಲ್ ಫೋನ್ ಮಾಡಿದರು.

"ಏನಮ್ಮಾ, ನನ್ನ ಬೂದು ತಲೆಯವೆಲ್ಲ ಎಲ್ಲಿ ಹೋದ್ವು? ಎಲ್ಲಿ ಹುಡುಕಿದ್ರೂ ಬರೀ ಬ್ರೌನ್ ಶ್ರೈಕ್ ಅಂತ ಬರ್ತಿದೆಯಲ್ಲ."

"ಅದು ಡಿಸ್‌ಪ್ಲೇ ಪ್ರಾಬ್ಲಮ್ ಅಂಕಲ್. ಡೇಟಾ ಎಲ್ಲ ಸೇಫ್ ಆಗಿದೆ. ಫಿಕ್ಸ್ ಮಾಡ್ತೀನಿ."

"ಆಗ್ಲಿ, ಆತುರ ಏನಿಲ್ಲ. ನಿನಗೂ ಆಫೀಸು, ಮನೆ ಅಂತ ಇರುತ್ತೆ."

ಎರಡು ತಿಂಗಳು ಹೋಯಿತು. ಅವರು ಮತ್ತೆ ಕೇಳಲಿಲ್ಲ, ನಾನೂ ಫೋನ್ ಮಾಡಲಿಲ್ಲ. ಕೊನೆಗೆ ಅಂಕಲ್ ಹೆಂಡತಿ, ಆಂಟಿಯೇ ಕರೆ ಮಾಡಿದರು. ಯಾವುದೋ ಭಾನುವಾರದ ನಡಿಗೆಯಲ್ಲಿ ಯುವಕ ಮಾತಿನ ನಡುವೆ, "ಅದನ್ನೆಲ್ಲ ಆಂಟಿ ಕಟ್ ಮಾಡಿದ್ರಲ್ಲ ಅಂಕಲ್" ಎಂದು ನನ್ನ ಬಗ್ಗೆ ಹೇಳಿಬಿಟ್ಟಿದ್ದನಂತೆ. "ಅವತ್ತಿಂದ ನೋಟ್‌ಬುಕ್ ಹರಡ್ಕೊಂಡು ಎಲ್ಲ ಮತ್ತೆ ಟೈಪ್ ಮಾಡ್ತಾ ಕೂತಿದಾರೆ ಕಣಮ್ಮ," ಎಂದರು ಆಂಟಿ. "ಪೊರೆ ಆಪರೇಷನ್ ಆಗಿ ತಿಂಗಳಾಗಿಲ್ಲ. ಕಣ್ಣಲ್ಲಿ ನೀರು ಸುರೀತಿರುತ್ತೆ. ನೀನಾದ್ರೂ ಹೇಳು."

ವೆಬ್‌ಸೈಟ್ ತೆರೆದು ನೋಡಿದೆ. ಅವರು ಕಳಿಸಿದ್ದೆಲ್ಲ ತಿರಸ್ಕೃತವಾಗಿತ್ತು. ಹೊಸ ನಿಯಮದ ಪ್ರಕಾರ ಉಪಪ್ರಭೇದವನ್ನು, ಅಂದರೆ ಮೂರನೆಯ ಹೆಸರನ್ನು, ಷರಾದಲ್ಲಿ ಹೇಳಬೇಕಾದರೂ ಫೋಟೋ ಕಡ್ಡಾಯ. ಪ್ರತಿ ದಾಖಲೆಗೂ ಒಂದೊಂದು ಮೇಲ್ ತಾನಾಗಿ ಹೋಗಿತ್ತು: "ಸಾಕ್ಷ್ಯ ಸಾಲದು. ನಿಮ್ಮ ಆಸಕ್ತಿಗೆ ಧನ್ಯವಾದ." ಪ್ರತಿಯೊಂದರ ಕೆಳಗೂ ನನ್ನ ಹೆಸರು. ಆ ಒಕ್ಕಣೆ ಬರೆದವಳೂ ನಾನೇ.

ಯುವಕನಿಗೆ ಹೇಳಿದೆ. ಅವನು ಶಾಂತವಾಗಿ ಉತ್ತರಿಸಿದ: "ಅಂಕಲ್ ನನಗೂ ಗುರು ಆಂಟಿ. ಬಟ್ ಅವರಿಗೆ ಒಂದು ರೂಲ್, ಬೇರೆಯವರಿಗೆ ಒಂದು ರೂಲ್ ಹೆಂಗಾಗುತ್ತೆ?"

ಅವು ಹೊಸವಲ್ಲ, ಒಮ್ಮೆ ಒಪ್ಪಿಕೊಂಡಿದ್ದವು, ಅಳಿಸಿದವರು ನಾವು ಎಂದು ಹೇಳಬೇಕಿತ್ತು. ಹೇಳಿದರೆ ಹಳೆಯ ಪ್ರತಿ ಎಲ್ಲಿ ಎಂದು ಕೇಳುತ್ತಾನೆ. ಸರಿ ಎಂದಷ್ಟೇ ಹೇಳಿ ಮಾತು ಮುಗಿಸಿದೆ.

ಮುಂದಿನ ಚಳಿಗಾಲ ಗುಂಪಿನ ಪತ್ರಿಕೆಯಲ್ಲಿ ಯುವಕನ ಲೇಖನ ಬಂತು. ಪುಂಗೋಲ್ ಬಯಲಿನಲ್ಲಿ ಬೂದು ತಲೆಯ ಶ್ರೈಕ್: ದೃಢಪಟ್ಟ ಮೊದಲ ದಾಖಲೆ. ಫೋಟೋ ಅವನದೇ, ಬಹಳ ಚೆನ್ನಾಗಿತ್ತು. ಕೊನೆಯಲ್ಲಿ ಡೇಟಾದ ಗುಣಮಟ್ಟ ಕಾಪಾಡಿದ್ದಕ್ಕೆ ನನಗೆ ಕೃತಜ್ಞತೆ. ಅಂಕಲ್ ಹೆಸರು ಎಲ್ಲಿಯೂ ಇರಲಿಲ್ಲ. ಅವನು ಬೇಕೆಂದು ಬಿಟ್ಟದ್ದಲ್ಲ. ಡೇಟಾಬೇಸ್‌ನಲ್ಲಿ ಹುಡುಕಿದ್ದ, ಒಪ್ಪಿತವಾದದ್ದು ಏನೂ ಸಿಕ್ಕಿರಲಿಲ್ಲ. ಬಾಲ್ಯದಲ್ಲಿ ಕೇಳಿದ್ದು, ಅಂಕಲ್ ಮತ್ತೆ ಕಳಿಸಿದ್ದು ಅವನ ನೆನಪಿಗೆ ಬರಲಿಲ್ಲವೋ, ಬಂದರೂ ಸಾಕ್ಷ್ಯ ಸಾಲದು ಅನ್ನಿಸಿತೋ, ನಾನು ಕೇಳಲಿಲ್ಲ.

ಆ ಶನಿವಾರ ಪಾಸಿರ್ ರಿಸ್‌ಗೆ ಹೋದೆ. ಪತ್ರಿಕೆ ಅವರ ಊಟದ ಮೇಜಿನ ಮೇಲೇ ಇತ್ತು. ಆಂಟಿ ಕಾಫಿ ತಂದಿಟ್ಟು ಒಳಗೆ ಹೋದರು.

"ನೋಟ್‌ಬುಕ್ ಕೊಡಿ ಅಂಕಲ್," ಎಂದೆ. "ನಾನೇ ಕೂತು ಎಲ್ಲ ಮತ್ತೆ ಎಂಟರ್ ಮಾಡ್ತೀನಿ. ಗುಂಪಿನ ಕಮಿಟಿಯಲ್ಲೂ ಮಾತಾಡ್ತೀನಿ."

ಅವರು ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟರು. "ತಪ್ಪು ಎಲ್ಲರೂ ಮಾಡ್ತಾರಮ್ಮ. ಯಾರ್ಡಲ್ಲಿ ನಾನೂ ಮಾಡಿದೀನಿ, ಅದರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕೇಳ್ತೀನಿ. ಅವತ್ತು ಫೋನಲ್ಲಿ ಎಲ್ಲ ಸೇಫ್ ಆಗಿದೆ ಅಂದ್ಯಲ್ಲ. ಆಗಲೇ ಗೊತ್ತಿತ್ತಾ ನಿನಗೆ?"

ಇಲ್ಲ ಎಂದರೆ ನಂಬುತ್ತಿದ್ದರು. ಅದು ನನಗೆ ಖಚಿತವಾಗಿತ್ತು.

"ಗೊತ್ತಿತ್ತು ಅಂಕಲ್."

ಅವರು ತಲೆಯಾಡಿಸಿ ಲೋಟವನ್ನು ನನ್ನ ಕಡೆ ಸರಿಸಿದರು. "ಕಾಫಿ ಆರಿಹೋಗುತ್ತೆ. ತಗೊಳ್ಳಿ."

ಹತ್ತು ವರ್ಷಕ್ಕೂ ಹೆಚ್ಚು ಕಾಲ "ನೀನು" ಎಂದು ಕರೆದವರು ಅಂದಿನಿಂದ ನನಗೆ ಬಹುವಚನ ಹಚ್ಚಿದರು. ನೋಟ್‌ಬುಕ್ ಕೊಡಲಿಲ್ಲ. ನಾನು ನಡೆದದ್ದನ್ನೆಲ್ಲ ಬರೆದು ಕಮಿಟಿಗೆ ಕಳಿಸಿದೆ. ಯಾರೂ ಬೈಯಲಿಲ್ಲ. "ನೋಟೆಡ್, ಥ್ಯಾಂಕ್ಸ್" ಎಂದು ಉತ್ತರ ಬಂತು, ವೆಬ್‌ಸೈಟ್ ನನ್ನ ಬಳಿಯೇ ಉಳಿಯಿತು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಒಂದು ಅಪಾರ್ಟ್‌ಮೆಂಟಿನಲ್ಲಿ ಸತ್ಯನಾರಾಯಣ ಪೂಜೆಗೆ ಹೋದಾಗ ಅಂಕಲ್ ಸಿಕ್ಕರು. ಪ್ರಸಾದದ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು. ತಿರುಗಿ ನೋಡಿ, "ಚೆನ್ನಾಗಿದೀರಾ? ಮಗಳು ಏನ್ ಓದ್ತಿದಾಳೆ?" ಎಂದು ವಿಚಾರಿಸಿದರು. ಹೇಳಿದೆ. "ಒಳ್ಳೇದು," ಎಂದು ತಮ್ಮ ತಟ್ಟೆ ಹಿಡಿದು ಬೇರೆ ಮೇಜಿಗೆ ಹೋದರು.