ಬೆಲೆ ಹೇಳಲು ಕಲಿಸಿದ ವಿಮಲಾ ಟೀಚರ್

ವಿಮಲಾ ಟೀಚರ್ ಎದುರು ಕುಳಿತು 'ಕಾಫಿ ಚೆನ್ನಾಗಿದೆ' ಎಂದು ಹೇಳಿ ಪಾರಾದವರನ್ನು ನಾನು ಕಂಡಿಲ್ಲ. ಲೋಟ ಕೆಳಗಿಡುವ ಮೊದಲೇ ಅವರು ಕನ್ನಡಕದ ಮೇಲಿನಿಂದ ನೋಡಿ, "ಯಾಕೆ ಚೆನ್ನಾಗಿದೆ? ಯಾರಿಗೆ ಚೆನ್ನಾಗಿದೆ? ಬಿಸಿಯಾಗಿದೆ ಅಂತಲೋ, ಬಿಟ್ಟಿ ಸಿಕ್ತು ಅಂತಲೋ?" ಎಂದು ಕೇಳುತ್ತಿದ್ದರು. ಸುಮ್ಮನೆ ಮರ್ಯಾದೆಗೆ ಹೇಳಿದ ಮಾತಿಗೆ ಲೆಕ್ಕ ಕೇಳುವವರೂ ಇರುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಅವರು ಮೈಸೂರು ಕಡೆಯವರು. ದೆಹಲಿಯ ಶಾಲೆಯೊಂದರಲ್ಲಿ ಆಯುಷ್ಯದ ಮುಕ್ಕಾಲು ಭಾಗ ಇಂಗ್ಲಿಷ್ ಕಲಿಸಿ, ನಿವೃತ್ತರಾದ ಮೇಲೆ ವಸಂತ್ ಕುಂಜ್‌ನ ಎರಡನೆಯ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ನಾವು ಕುಂದಾಪುರದವರು. ನನ್ನ ಗಂಡ ಅಲ್ಲೇ ಹತ್ತಿರದ ಸೌತ್ ಇಂಡಿಯನ್ ಹೋಟೆಲಿನಲ್ಲಿ ಅಡುಗೆಯ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಇಡ್ಲಿ ಕಟ್ಟಿಸಿಕೊಂಡು ಹೋಗಲು ಬರುತ್ತಿದ್ದ ಟೀಚರ್ ಒಂದು ದಿನ ಅವರನ್ನು ಕೇಳಿದರಂತೆ: "ನಿಮ್ಮ ಹೆಂಡತಿ ಮಧ್ಯಾಹ್ನ ಏನು ಮಾಡ್ತಾರೆ? ಕಳಿಸಿ, ಇಂಗ್ಲಿಷ್ ಹೇಳಿಕೊಡ್ತೀನಿ." ದೇವರು ದಾರಿ ತೋರಿಸಬೇಕೆಂದರೆ ಇಡ್ಲಿಯ ಪಾರ್ಸೆಲ್ ಕೂಡ ಸಾಕು.

ನನಗಂತೂ ಇಂಗ್ಲಿಷ್ ಬೇಕೇ ಬೇಕಿತ್ತು. ಶಾಲೆಯ ಮೀಟಿಂಗಿಗೆ ಹೋದಾಗ ಮೇಡಂ ಹೇಳಿದ್ದನ್ನು ನನಗೆ ತಿಳಿಸುತ್ತಿದ್ದವಳು ನನ್ನ ಮಗಳು ಶ್ರಾವ್ಯಾ. ಮೇಡಂ ಮುಖ ಗಂಟಿಕ್ಕಿಕೊಂಡು ಎಷ್ಟು ಹೊತ್ತು ಮಾತಾಡಿದರೂ ಇವಳು "ಸಬ್ ಠೀಕ್ ಹೈ ಮಮ್ಮಿ, ಚಲೋ" ಎಂದು ಮುಗಿಸಿಬಿಡುತ್ತಿದ್ದಳು.

ಪಾಠ ಮಂಗಳವಾರ, ಹೋಟೆಲಿನ ಊಟದ ಹೊತ್ತು ಮುಗಿದ ಮೇಲೆ, ಟೀಚರ ಊಟದ ಮೇಜಿನ ಸುತ್ತ. ನಾನು, ಅದೇ ಹೋಟೆಲಿನಲ್ಲಿ ದೋಸೆ ಹಾಕುವವರ ಹೆಂಡತಿ ಗೀತಾ, ಇನ್ನೂ ಕೆಲವರು. ಟೀಚರ್ ಪುಸ್ತಕ ತೆರೆಯುತ್ತಿರಲಿಲ್ಲ. ನಾವು ಒಬ್ಬೊಬ್ಬರೂ ಮನೆಯಿಂದ ಒಂದು ವಸ್ತು ತಂದು ಮೇಜಿನ ಮೇಲಿಟ್ಟು ಅದರ ಬೆಲೆ ಹೇಳಬೇಕು. ದುಡ್ಡಿನ ಬೆಲೆಯಲ್ಲ. ಅದು ಇಟ್ಟುಕೊಳ್ಳುವಷ್ಟು ಬಾಳುತ್ತದೆಯೇ? ಹಾಗಾದರೆ 'ವರ್ತ್ ಕೀಪಿಂಗ್'. ಇಟ್ಟುಕೊಂಡು ಪ್ರಯೋಜನವಿಲ್ಲವೇ? 'ನೋ ಯೂಸ್ ಕೀಪಿಂಗ್'. ನನಗೆ ಅದು ಮುಖ್ಯವೇ? 'ಇಟ್ ಮ್ಯಾಟರ್ಸ್ ಟು ಮಿ'. ಬೆಲೆ ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಅಚ್ಚುಗಳಿವೆಯೆಂದು ನನಗೆ ಗೊತ್ತಾದದ್ದು ಆ ಮೇಜಿನಲ್ಲಿ.

ಗೀತಾ ಒಮ್ಮೆ ಸವೆದುಹೋದ ಕುಕ್ಕರ್ ಗ್ಯಾಸ್ಕೆಟ್ ತಂದಳು. "ಇಟ್ ಈಸ್ ನೋ ಯೂಸ್ ಕೀಪಿಂಗ್" ಎಂದು ಗಂಭೀರವಾಗಿ ಹೇಳಿದಳು.

"ಮತ್ತೆ ಯಾಕಮ್ಮ ಇಟ್ಕೊಂಡಿದೀಯ?"

"ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ ಟೀಚರ್. ಮದುವೆಗೆ ಕೊಟ್ಟ ಕುಕ್ಕರಿಂದು."

"ಹಾಗಿದ್ರೆ ಸುಳ್ಳು ಹೇಳ್ಬೇಡ. ಮ್ಯಾಟರ್ಸ್ ಟು ಮಿ ಅನ್ನು."

ವಸ್ತುಗಳು ಮುಗಿದು ಮನುಷ್ಯರ ಸರದಿ ಬಂತು. "ಈ ವಾರ ನಿಮ್ಮ ನಿಮ್ಮ ಮಕ್ಕಳ ಬಗ್ಗೆ" ಎಂದರು ಟೀಚರ್. ಗೀತಾ, "ನನ್ನ ಮಗ ಡಾಂಕಿ ಟೀಚರ್" ಎಂದು ನಗಿಸಿ ತಪ್ಪಿಸಿಕೊಂಡಳು. ನಾನು ತಲೆ ತಗ್ಗಿಸಿ ಕೂತೆ. ಹೆತ್ತ ಮಕ್ಕಳನ್ನು ನಾವೇ ಹೊಗಳುವ ಪದ್ಧತಿ ನಮ್ಮಲ್ಲಿಲ್ಲ, ದೃಷ್ಟಿಯಾಗುತ್ತದೆ. ಅದರಲ್ಲೂ ಶ್ರಾವ್ಯಾ ನಾವು ಬಹಳ ವರ್ಷ ಕಾದು, ಹರಕೆ ಹೊತ್ತ ಮೇಲೆ ಹುಟ್ಟಿದವಳು. ಅವಳನ್ನು ನಾನು 'ಪೆದ್ದಿ', 'ದಂಡಪಿಂಡ' ಎಂದೇ ಕರೆದು ಬೆಳೆಸಿದ್ದೆ. ಟೀಚರ್ ನಮ್ಮ ಮುಖಗಳನ್ನು ನೋಡಿ ಆ ದಿನ ಒತ್ತಾಯಿಸಲಿಲ್ಲ.

ಆರನೆಯ ಕ್ಲಾಸಿಗೆ ಶ್ರಾವ್ಯಾಳನ್ನು ದೊಡ್ಡ ಶಾಲೆಯೊಂದಕ್ಕೆ ಸೇರಿಸಬೇಕಿತ್ತು. ಪ್ರವೇಶ ಪರೀಕ್ಷೆಯಲ್ಲಿ ಅವಳ ಅಂಕಗಳು ಅಂಚಿನಲ್ಲಿದ್ದವು, ಹಾಗಾಗಿ ಪ್ರಿನ್ಸಿಪಾಲರು ತಂದೆತಾಯಿಯೊಡನೆ ಮಾತಾಡಬೇಕೆಂದರು. ಮಧ್ಯಾಹ್ನ ಹೋಟೆಲ್ ಬಿಟ್ಟು ಬರಲು ನನ್ನ ಗಂಡನಿಗೆ ಆಗಲಿಲ್ಲ. ನಾನು ಮಗಳ ಕೈ ಹಿಡಿದುಕೊಂಡು, ದೇವರ ಹೆಸರು ಹೇಳಿಕೊಂಡು ಒಳಗೆ ಹೋದೆ. ಪ್ರಿನ್ಸಿಪಾಲರು ಮೆತ್ತಗೆ ಮಾತಾಡುವ ಪಂಜಾಬಿ ಹೆಂಗಸು. "ಟೆಲ್ ಮಿ ಅಬೌಟ್ ಯುವರ್ ಡಾಟರ್" ಎಂದರು.

ಪ್ರಶ್ನೆ ನನಗೇ ಅರ್ಥವಾಯಿತೆಂಬ ಖುಷಿಗೆ ನಾನು ಎದೆಯೆತ್ತಿ ಹೇಳಿದೆ: "ಶೀ ಈಸ್ ನಾಟ್ ವೆರಿ ಇಂಟೆಲಿಜೆಂಟ್. ಇಟ್ ಈಸ್ ನೋ ಯೂಸ್ ಟೆಲಿಂಗ್ ಹರ್ ಎನಿಥಿಂಗ್. ನಾಟ್ ವರ್ತ್ ಪ್ರೈಸಿಂಗ್." ಅಷ್ಟು ಬುದ್ಧಿವಂತೆಯಲ್ಲ, ಹೇಳಿ ಪ್ರಯೋಜನವಿಲ್ಲ, ಹೊಗಳುವಂಥದ್ದೇನೂ ಇಲ್ಲ. ಊರಿನಲ್ಲಾಗಿದ್ದರೆ ಎದುರಿನವರು "ಅಯ್ಯೋ, ಹಾಗೆಲ್ಲ ಹೇಳ್ಬೇಡಿ, ಚಂದದ ಹುಡುಗಿ" ಎನ್ನಬೇಕು, ನಾವು ಒಳಗೊಳಗೇ ಹಿಗ್ಗಬೇಕು. ಈ ಮೇಡಂ ಹಾಗೆನ್ನಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, "ಐ ಸೀ" ಎಂದರು.

ಆಟೋದಲ್ಲಿ ಮಗಳು ಹೊರಗೆ ನೋಡುತ್ತ ಕೂತಿದ್ದಳು. ಮನೆ ಹತ್ತಿರ ಬಂದಾಗ ಕೇಳಿದಳು, "ಮಮ್ಮಿ, ಸಚ್ಚೀ ಮೇ, ನಿಜವಾಗ್ಲೂ ನಾನು ನೋ ಯೂಸಾ?"

ಕನ್ನಡದಲ್ಲಿ ದಿನಕ್ಕೆಷ್ಟು ಸಲ ಪೆದ್ದಿ ಅಂದರೂ ನಗುತ್ತಿದ್ದ ಹುಡುಗಿ. ಅವಳಿಗೆ ಕನ್ನಡ ಮುದ್ದಿನ ಭಾಷೆ. ಇಂಗ್ಲಿಷಿನಲ್ಲಿ ಹೇಳಿದ್ದು ಮಾತ್ರ ಅವಳಿಗೆ ನಿಜ. ಕೆಲವು ದಿನ ಕಳೆದು ಶಾಲೆಯಿಂದ ಫೋನ್ ಬಂತು: ಮಗುವಿಗೆ ಇಲ್ಲಿ ಕಷ್ಟವಾಗಬಹುದು, ಮುಂದಿನ ವರ್ಷ ನೋಡೋಣ. ಸೀಟು ಹೋಯಿತೆಂಬ ದುಃಖಕ್ಕಿಂತ ಆಟೋದಲ್ಲಿ ಕೇಳಿದ ಆ ಪ್ರಶ್ನೆ ನನ್ನನ್ನು ಹೆಚ್ಚು ಕೊರೆಯಿತು.

ಮಗಳನ್ನು ಕರೆದುಕೊಂಡು ಟೀಚರ ಮನೆಗೆ ಹೋದೆ. ಎಲ್ಲ ಕೇಳಿಸಿಕೊಂಡು ಅವರು, "ಗ್ರಾಮರ್ ಒಂದೂ ತಪ್ಪಿಲ್ಲ ಕಣಮ್ಮ. ಹೇಳಿದ್ದು ಮಾತ್ರ ಪೂರ್ತಿ ಸುಳ್ಳು" ಎಂದರು. "ಈಗ ನಿಜ ಹೇಳು. ಇವಳ ಮುಂದೇನೇ ಹೇಳು."

"ದೃಷ್ಟಿ ಆದ್ರೆ ಟೀಚರ್?"

ನನ್ನನ್ನು ನೋಡಿ ನಗುತ್ತಾರೆ ಅಂದುಕೊಂಡಿದ್ದೆ. ಅವರ ಮನೆಯಲ್ಲಿ ದೇವರ ಪಟ ಕೂಡ ಇರಲಿಲ್ಲ. ಆದರೆ ಅವರು ಎದ್ದು ಅಡುಗೆಮನೆಗೆ ಹೋಗಿ ಮುಷ್ಟಿ ಉಪ್ಪು, ಒಣಮೆಣಸಿನಕಾಯಿ ತಂದು ಮೇಜಿನ ಮೇಲಿಟ್ಟರು. "ಮೊದಲು ಹೇಳು. ಆಮೇಲೆ ದೃಷ್ಟಿ ತೆಗಿ. ಒಂದು ಮಾಡಿದ್ರೆ ಇನ್ನೊಂದು ಬೇಡ ಅಂತ ಯಾರು ಹೇಳಿದ್ದು?"

ನಾನು ತಡವರಿಸುತ್ತ ಅವರು ಹೇಳಿಕೊಟ್ಟ ವಾಕ್ಯಗಳನ್ನು ಹೇಳಿದೆ. ಆಮೇಲೆ ಮಗಳಿಗೆ ನಿವಾಳಿಸಿ ಮೆಣಸಿನಕಾಯಿಯನ್ನು ಗ್ಯಾಸಿನ ಉರಿಗೆ ಹಾಕಿದೆ. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ನಮ್ಮ ನಂಬಿಕೆ. ಬಂದ ಘಾಟಿಗೆ ಮೂವರೂ ಕೆಮ್ಮಿ ಕೆಮ್ಮಿ ಬಾಲ್ಕನಿಗೆ ಓಡಿದೆವು. ಕೆಳಗಿನ ಮನೆಯವರು "ಆಂಟೀಜಿ, ಕ್ಯಾ ಜಲಾ ದಿಯಾ?" ಎಂದು, ಏನು ಸುಟ್ಟುಹಾಕಿದಿರೆಂದು ಕೂಗಿದರು. ಟೀಚರ್ ಕಣ್ಣೊರೆಸಿಕೊಳ್ಳುತ್ತ, "ನೋಡಿದ್ಯಾ? ಯಾವ ದೃಷ್ಟೀನೂ ಆಗಿಲ್ಲ. ನಾಳೆ ಮತ್ತೆ ಆ ಶಾಲೆಗೆ ಹೋಗು" ಎಂದರು.

ಮರುದಿನ ಪ್ರಿನ್ಸಿಪಾಲರ ಎದುರು ಕೂತಾಗ, ಕಲಿತ ವಾಕ್ಯ ಒಂದೂ ನೆನಪಾಗಲಿಲ್ಲ. ವರ್ತ್ ಹೋಯಿತು, ಮ್ಯಾಟರ್ಸ್ ಹೋಯಿತು. ಮಗಳು ಪಕ್ಕದಲ್ಲಿ ತನ್ನ ಬೂಟು ನೋಡುತ್ತಿದ್ದಳು. ನನ್ನ ಬಾಯಿಂದ ಬಂದದ್ದಿಷ್ಟು: "ಮೇಡಂ, ಶೀ ಕಮ್ಸ್ ಹೋಮ್ ಇನ್ ಆಫ್ಟರ್‌ನೂನ್. ದೆನ್ ಓನ್ಲಿ ಮೈ ಮಾರ್ನಿಂಗ್." ಇವಳು ಮನೆಗೆ ಬರುವುದು ಮಧ್ಯಾಹ್ನ, ನನಗೆ ಬೆಳಗಾಗುವುದೇ ಆಗ. ಆಮೇಲೆ ನನ್ನ ಹರಕುಮುರುಕು ಹಿಂದಿಯಲ್ಲಿ ದೃಷ್ಟಿಯ ವಿಷಯವನ್ನೂ ಹೇಳಿದೆ. ಮೇಡಂ, ತಮ್ಮ ನಾನಿಯೂ, ಅಂದರೆ ಅಜ್ಜಿಯೂ, ತಮ್ಮನ್ನು ಹೊರಗೆ ಕಳಿಸುವಾಗ ಕಾಡಿಗೆಯ ಬೊಟ್ಟಿಟ್ಟು 'ಕಾಲೀ ಕಲೂಟಿ', ಕರಿ ಕುರೂಪಿ ಎಂದು ಬೈಯುತ್ತಿದ್ದರೆಂದು ನಕ್ಕರು. ಶ್ರಾವ್ಯಾಳನ್ನೇ ಒಂದಿಷ್ಟು ಮಾತಾಡಿಸಿ, ಸೀಟು ಕೊಟ್ಟರು. ಆ ಸಂಜೆ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಆದರೆ ಮಗಳು ಪೂರ್ತಿ ನಂಬಿರಲಿಲ್ಲ. ಏನಾದರೂ ಜಗಳವಾದಾಗ, "ಅಲ್ಲಿ ಹೇಳಿದ್ದು ಟೀಚರ್ ಸಿಖಾಯಾ ಥಾ ನಾ, ಸೀಟಿಗೋಸ್ಕರ" ಎನ್ನುತ್ತಿದ್ದಳು. ಟೀಚರ್ ಕಲಿಸಿದ್ದಲ್ಲವೆಂದು ನಾನು ಹೇಳಿದರೆ ಅವಳ ಹುಬ್ಬು ಮೇಲೇರುತ್ತಿತ್ತು.

ಮುಂದಿನ ವರ್ಷ ದೀಪಾವಳಿ ಕಳೆದು ಹೊಗೆ ಕವಿದಾಗ ಟೀಚರ ಉಸಿರಾಟ ಬಹಳ ಕೆಟ್ಟಿತು. ಡಾಕ್ಟರು ದೆಹಲಿ ಬಿಡಲು ಹೇಳಿದರು; ಮೈಸೂರಿನ ತಂಗಿಯ ಮನೆಗೆ ಹೊರಟರು. ಅಲ್ಲಿ ಬೇಸಿಗೆ ಬರುವ ಮೊದಲೇ ತೀರಿಕೊಂಡರು. ಈಗ ಆ ಫ್ಲ್ಯಾಟಿನಲ್ಲಿ ಬೇರೆಯವರಿದ್ದಾರೆ, ಬಾಲ್ಕನಿಗೆ ಗಾಜು ಹಾಕಿಸಿದ್ದಾರೆ. ನಾನು ಆ ದಾರಿಯಲ್ಲಿ ಹೋಗುವಾಗ ಒಮ್ಮೆ ಮೇಲೆ ನೋಡಿ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಅವರನ್ನು ಕೊನೆಗೆ ಕಂಡದ್ದು ಹೊರಡುವ ಹಿಂದಿನ ದಿನ. ಸಾರು, ಅನ್ನ ಮಾಡಿಕೊಂಡು ಮಗಳ ಜೊತೆ ಹೋಗಿದ್ದೆ. ನಾನು ಅಡುಗೆಮನೆಯಲ್ಲಿ ಸಾರು ಬಿಸಿ ಮಾಡುತ್ತಿದ್ದೆ. ಹೊರಗೆ ಶ್ರಾವ್ಯಾ ಕೇಳುವುದು ಕೇಳಿಸಿತು.

"ಟೀಚರ್, ಸ್ಕೂಲಲ್ಲಿ ಮಮ್ಮಿ ಹೇಳಿದ್ದು ನೀವು ಕಲಿಸಿದ್ದಾ?"

"ಏನು ಹೇಳಿದ್ಲು? ನಂಗೆ ಅವಳು ಹೇಳೇ ಇಲ್ಲ. ಸೀಟು ಸಿಕ್ತು ಅಂದ್ಲು, ಅಷ್ಟೆ."

ಮಗಳು ಹೇಳಿದಳು. ಮಧ್ಯಾಹ್ನ, ಬೆಳಗು, ಎಲ್ಲ. ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಳು.

ಟೀಚರ್ ಕಷ್ಟಪಟ್ಟು ಉಸಿರು ಎಳೆದುಕೊಂಡರು. "ಇಲ್ಲ ಪುಟ್ಟಿ" ಎಂದರು. "ಇದನ್ನ ನಾನು ಕಲಿಸಿಲ್ಲ. ನಂಗೆ ಬರ್ತಾನೂ ಇರ್ಲಿಲ್ಲ."

ಶ್ರಾವ್ಯಾ ಅಡುಗೆಮನೆಗೆ ಬಂದು, ಕೇಳದೆಯೇ ತಟ್ಟೆಗಳನ್ನು ತೆಗೆದು ಒರೆಸತೊಡಗಿದಳು. ಅವಳ ಭುಜ ನನ್ನ ಭುಜಕ್ಕೆ ತಾಗಿಕೊಂಡೇ ಇತ್ತು. ಸಾರು ಕುದಿ ಬಂದರೂ ನಾನು ಸ್ವಲ್ಪ ಹೊತ್ತು ಅದನ್ನು ಇಳಿಸಲಿಲ್ಲ.