ಎಡಬದಿಗೊಂದು ಹಿಡಿ ಹೆಚ್ಚು

ಬೀದಿದೀಪಗಳು ಇನ್ನೂ ಆರಿಲ್ಲ. ಸೈಕಲ್ ಅಂಗಡಿಗೂ ಕನ್ನಡಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಮಳಿಗೆಯ ಬಾಗಿಲನ್ನು ಕುರ್ಚಿ ಅಕ್ಕ ಅರ್ಧಕ್ಕಷ್ಟೇ ಎತ್ತಿ, ಬಗ್ಗಿ ಒಳಗೆ ಬರುತ್ತಾರೆ. ಪೂರ್ತಿ ಎತ್ತಿದರೆ ಆ ಸದ್ದಿಗೆ ಮೇಲಿನ ಮನೆಯ ಕೂಸು ಏಳುತ್ತದೆ. ಮೇಜಿನ ಮೇಲೆ ದಬ್ಬಣ, ಬಾಗುಸೂಜಿ, ಮೇಣ ಹಚ್ಚಿದ ದಾರ, ಏರುತಗ್ಗು ನೋಡುವ ರಸಮಟ್ಟ ಎಲ್ಲವೂ ನಿನ್ನೆ ಇಟ್ಟ ಜಾಗದಲ್ಲೇ ಇವೆ. ಮೂಲೆಯಲ್ಲಿ ಹಳೆಯ ಹಾಸುಬಟ್ಟೆಯನ್ನು ಹೊದ್ದು ಒಂದು ಕುರ್ಚಿ ಕುಳಿತಿದೆ. ಅಕ್ಕ ಬಟ್ಟೆಯನ್ನು ಸರಿಸುತ್ತಾರೆ.

ಇಟಲಿಯ ವಿನ್ಯಾಸಕನೊಬ್ಬ ಅರ್ಧ ಶತಮಾನದ ಹಿಂದೆ ರೂಪಿಸಿದ ಒರಗುಕುರ್ಚಿ ಅದು. ಬಾಗಿಸಿದ ಉಕ್ಕಿನ ಕೊಳವೆಯ ಚೌಕಟ್ಟು. ಹುರಿದ ಕಾಫಿಬೀಜದ ಬಣ್ಣದ ಚರ್ಮ. ತೋಳು ಊರುವಲ್ಲಿ ಮಾತ್ರ ಆ ಬಣ್ಣ ಸವೆದು ಜೇನಿನಷ್ಟು ತಿಳಿಯಾಗಿದೆ. ಹೇಳಿದ ದಿನಕ್ಕೆ ಕೆಲಸ ಮುಗಿಸುವುದರಲ್ಲಿ ಹೆಸರಾದ ಅಕ್ಕ ಇದೊಂದನ್ನು ಮಾತ್ರ ವಾರಗಟ್ಟಲೆ ಹಿಂದಕ್ಕೆ ಹಾಕುತ್ತ ಬಂದಿದ್ದಾರೆ. ಇಂದು ಸಂಜೆ ಅದರ ಒಡತಿಯಾದ ಹಲ್ಲಿನ ಡಾಕ್ಟರು ಕುರ್ಚಿಯನ್ನು ಒಯ್ಯಲು ಬರುತ್ತಾರೆ. ಅವರ ದೂರು ಒಂದೇ: ಕೂತರೆ ಮೈ ಎಡಕ್ಕೆ ವಾಲುತ್ತದೆ, ತೊಡೆಯ ಮೇಲಿನ ಪುಸ್ತಕ ಜಾರುತ್ತದೆ. ಒಳಗೆ ತುಂಬಿರುವ ಕುದುರೆಕೂದಲನ್ನೆಲ್ಲ ಎಸೆದು ಫೋಮ್ ತುಂಬಿಬಿಡಿ ಎಂದು ಅವರೇ ಪರಿಹಾರವನ್ನೂ ಹೇಳಿಹೋಗಿದ್ದಾರೆ.

ಕುರ್ಚಿ ಏಕೆ ವಾಲುತ್ತದೆ ಎಂಬುದು ಅಕ್ಕನಿಗೆ ಚೆನ್ನಾಗಿ ಗೊತ್ತು.

ಈ ಮಳಿಗೆಯಲ್ಲಿ ತುಂಬುವ ಕೆಲಸ ಗಂಡನದಾಗಿತ್ತು, ಹೊಲಿಗೆ ಹೆಂಡತಿಯದು. ಮದುವೆಯಾಗಿ ಬಂದಾಗ ಅಕ್ಕನಿಗೆ ಬಟ್ಟೆಯ ಹೊಲಿಗೆಯಷ್ಟೇ ಬರುತ್ತಿತ್ತು. ಬಟ್ಟೆಯಲ್ಲಿ ತಪ್ಪಿದರೆ ಬಿಚ್ಚಿ ಹೊಲಿಯಬಹುದು. ಚರ್ಮಕ್ಕೆ ಬಿದ್ದ ತೂತು ಹಾಗೆಯೇ ಉಳಿಯುತ್ತದೆ. ಮೊದಲ ವರ್ಷವಿಡೀ ಅವರ ಕೈಗೆ ಸಿಕ್ಕಿದ್ದು ಚೂರುಪಾರು ಚರ್ಮ ಮಾತ್ರ. ಈಗ ಅಂಗುಲಕ್ಕೆ ಏಳು ಹೊಲಿಗೆಯನ್ನು ಅಳತೆಪಟ್ಟಿಯಿಲ್ಲದೆ ಹಾಕುತ್ತಾರೆ. ದಾರ ಎಳೆದೆಳೆದು ಕಿರುಬೆರಳುಗಳ ಬುಡದಲ್ಲಿ ಗೆರೆ ಬಿದ್ದಿದೆ. ಚಳಿ ಬಂದರೆ ಅದೇ ಗೆರೆ ಬಿರಿಯುತ್ತದೆ.

ತುಂಬುವುದಕ್ಕೂ ಒಂದು ಕ್ರಮವಿದೆ. ಕುದುರೆಯ ಕೂದಲನ್ನು ಬಿಡಿಸಿ, ಆಸನದ ಮೇಲೆ ಹದವಾಗಿ ಹರಡಿ, ಹಬೆ ಹಾಯಿಸಬೇಕು. ಅದು ಆರುವ ತನಕ ಒಬ್ಬರು ಅದರ ಮೇಲೆ ಅಲುಗಾಡದೆ ಕೂರಬೇಕು. ಆಗ ಕೂದಲು ಮೈಯ ಅಚ್ಚು ಹಿಡಿದು ನಿಲ್ಲುತ್ತದೆ. ಆಮೇಲೆ ಚರ್ಮದ ಹೊದಿಕೆ. ಕೂರುವುದಕ್ಕೆ ಗಂಡನ ಮೈಕಟ್ಟು ಹೇಳಿ ಮಾಡಿಸಿದಂತಿತ್ತು. ಎರಡೂ ಬದಿಗೆ ಭಾರ ಸಮವಾಗಿ ಬೀಳುತ್ತಿದ್ದುದರಿಂದ ಬೀದಿಯವರು ಅವರನ್ನು ‘ತಕ್ಕಡಿ’ ಎಂದೇ ಕರೆಯುತ್ತಿದ್ದರು. ಅರ್ಧ ದಿನ ಕೂತು, ಚಹಾ ಕುಡಿದು, ಪೇಪರ್ ಓದಿ, ಹೋಗಿಬರುವವರಿಗೆಲ್ಲ ಬುದ್ಧಿ ಹೇಳುವುದು. ಯಾರಾದರೂ ಕರೆದರೆ, ಕೆಲಸದಲ್ಲಿದ್ದೇನೆ ಏಳಿಸಬೇಡಿ ಎನ್ನುವುದು. ಇಂಥ ಕೆಲಸ ನನಗೂ ಒಂದು ಕೊಡಿಸು ಎಂದು ಅವರ ತಂಗಿ ಹಂಗಿಸುತ್ತಿದ್ದರು.

ಒಂದು ಸಲ ಲಾರಿಯಿಂದ ಸೋಫಾ ಇಳಿಸುವಾಗ ತಕ್ಕಡಿ ಬಿದ್ದರು. ಸೊಂಟದ ಮೂಳೆ ಕೂಡಿತು, ನೆಟ್ಟಗೆ ಕೂಡಲಿಲ್ಲ. ಅವರು ಹಾಸಿಗೆ ಹಿಡಿದಷ್ಟು ಕಾಲ ಅಕ್ಕ ಒಬ್ಬರೇ ಕಾರಿನ ಸೀಟು, ಶಾಲೆಯ ಚೀಲ, ಬೆಲ್ಟು ಹೊಲಿದು ಮಳಿಗೆ ಮುಚ್ಚದಂತೆ ನೋಡಿಕೊಂಡರು. ಗಂಡ ಮರಳಿ ಕೂರಲು ಬಂದ ದಿನ, ಅವರು ಎದ್ದ ಮೇಲೆ ಆಸನಕ್ಕೆ ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಬಲಕ್ಕೆ ಸರಿದಿತ್ತು. ಎಡಬದಿ ತಗ್ಗಿತ್ತು. ಗಂಡ ಕೈತೊಳೆಯಲು ಹೋದಾಗ ಅಕ್ಕ ಚೀಲದಿಂದ ಒಂದು ಹಿಡಿ ಕೂದಲು ತೆಗೆದು ಆ ತಗ್ಗಿನ ಮೇಲೆ ಹರಡಿ, ಚರ್ಮ ಹೊದಿಸಿದರು. ಅಂದಿನಿಂದ ಪ್ರತಿ ಕುರ್ಚಿಗೂ ಹಾಗೆಯೇ.

“ಸೊಂಟ ಮುರ್ಕೊಂಡು ಆಗ್ಲೇ ಅರ್ಧ ಕುಗ್ಗಿದ್ರು,” ಎನ್ನುತ್ತಾರೆ ಅಕ್ಕ. “ನಿಮಗೆ ಕೂರೋದಕ್ಕೂ ಬರಲ್ಲ ಅಂತ ನಾನ್ಯಾಕೆ ಹೇಳ್ಲಿ?”

ತಕ್ಕಡಿ ಕೊನೆಯದಾಗಿ ಕೂತದ್ದು ಈ ಇಟಲಿಯ ಕುರ್ಚಿಯಲ್ಲಿ. ಇದರಲ್ಲಿ ಕೂತರೆ ಏಳುವುದಕ್ಕೇ ಮನಸ್ಸಾಗುವುದಿಲ್ಲ ಎಂದು, ಕೂದಲು ಆರಿದ ಮೇಲೂ ಸಂಜೆಯವರೆಗೆ ಕೂತಿದ್ದರು. ಆ ವಾರವೇ ನಿದ್ದೆಯಲ್ಲಿ ಅವರ ಉಸಿರು ನಿಂತಿತು. ದುಃಖದ ದಿನಗಳು ಕಳೆದ ಮೇಲೆ ಅಕ್ಕ ಬಂದು ಚರ್ಮ ಹೊಲಿದು ಕುರ್ಚಿಯನ್ನು ಡಾಕ್ಟರಿಗೆ ಕಳಿಸಿಕೊಟ್ಟರು. ಆ ಒಂದು ಹಿಡಿಯನ್ನು ಮಾತ್ರ ಹಾಕಲಿಲ್ಲ.

“ಮರೆತೆ ಅಂತ ಡಾಕ್ಟರಿಗೆ ಹೇಳಿದ್ದೀನಿ. ಮರೆತಿಲ್ಲ. ಕೈ ಏಳಲಿಲ್ಲ.”

ಬೆಳಕು ಹರಿಯುವ ಹೊತ್ತಿಗೆ ನಾದಿನಿ ಬರುತ್ತಾರೆ. ಅಣ್ಣನ ಜಾಗದಲ್ಲಿ ಈಗ ಕೂರುವವರು ಅವರೇ, ಮೈಕಟ್ಟೂ ಅಣ್ಣನದೇ. ಅತ್ತಿಗೆ ಕುರ್ಚಿಯ ಮುಂದೆ ಸುಮ್ಮನೆ ನಿಂತಿರುವುದನ್ನು ಕಂಡು ಬಾಗಿಲಲ್ಲೇ ತಡೆಯುತ್ತಾರೆ.

“ಮಾತಾಡಿ ಮುಗೀತಾ ಅತ್ತಿಗೆ? ಇಲ್ಲಾ ನಾನು ಇನ್ನೊಂದು ಚಹಾ ಕುಡಿದು ಬರ್ಲಾ?”

ಗಿರಾಕಿಯ ಕುರ್ಚಿಯಲ್ಲಿ ಅಕ್ಕ ಎಂದೂ ಕೂತವರಲ್ಲ. ಇಂದು ಕೂರುತ್ತಾರೆ. ಮೈ ಮೆಲ್ಲನೆ ಎಡಕ್ಕೆ ಜಾರಿ, ಒಂದು ಕಡೆ ನಿಲ್ಲುತ್ತದೆ. ನಾದಿನಿ ಬೀದಿಯ ಕಡೆಗೆ ಮುಖ ತಿರುಗಿಸಿ, ಬಿಡಿಸಿಯಾಗಿದ್ದ ಕೂದಲನ್ನೇ ಮತ್ತೆ ಬಿಡಿಸುತ್ತಾರೆ. ಸ್ವಲ್ಪ ಹೊತ್ತಿನ ಬಳಿಕ ಅಕ್ಕ ಎದ್ದು, ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿ ಚರ್ಮವನ್ನು ಮೇಲೆತ್ತುತ್ತಾರೆ. ಅಡಿಯಲ್ಲಿ ತಗ್ಗು ಹಾಗೆಯೇ ಇದೆ. ಫೋಮಿನ ಹಾಳೆ ಗೋಡೆಗೆ ಒರಗಿದೆ. ಅದನ್ನು ಮುಟ್ಟದೆ ಅಕ್ಕ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆಯುತ್ತಾರೆ. ಡಾಕ್ಟರು ಕೂತು ನೋಡಲಿ, ಆಮೇಲೂ ಫೋಮೇ ಬೇಕೆಂದರೆ ಎಲ್ಲವನ್ನೂ ಕಿತ್ತು ಹಾಕುವುದು ಎಂದು ನಾದಿನಿಗೆ ಹೇಳುತ್ತಾರೆ. ಹೇಳುವಾಗ ಅವರ ಮುಖ ಚರ್ಮದ ಕಡೆಗಿದೆ.

ಸಂಜೆ ಡಾಕ್ಟರು ಕೂರುತ್ತಾರೆ. ಚೀಲದಿಂದ ಪುಸ್ತಕ ತೆಗೆದು ತೊಡೆಯ ಮೇಲಿಡುತ್ತಾರೆ. ಪುಸ್ತಕ ಜಾರುವುದಿಲ್ಲ. ಅಕ್ಕ ದಾರಕ್ಕೆ ಮೇಣ ಹಚ್ಚುತ್ತಿದ್ದಾರೆ; ಆ ದಾರಕ್ಕೆ ಆಗಲೇ ಎರಡು ಸಲ ಹಚ್ಚಿಯಾಗಿದೆ.

“ಫೋಮ್ ಬೇಡ ಬಿಡಿ,” ಎನ್ನುತ್ತಾರೆ ಡಾಕ್ಟರು. “ಒಳಗಿರೋದು ಹಾಗೇ ಇರ್ಲಿ.”

ಮರುದಿನ ನಾದಿನಿ ಹಬೆ ಹಾಯಿಸಿದ ಹೊಸದೊಂದು ಆಸನದ ಮೇಲೆ ಕೂರುತ್ತಾರೆ. ಅವರು ಎದ್ದ ಮೇಲೆ ನೋಡಿದರೆ ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತಿದೆ. ಅಷ್ಟರಲ್ಲಿ ಅಕ್ಕನ ಕೈ ಚೀಲದೊಳಗೆ ಹೋಗಿ, ಹಿಡಿ ತುಂಬಿಕೊಂಡು ಹೊರಗೆ ಬಂದಿದೆ. ಅದನ್ನು ನೋಡಿ ತಾವೇ ನಕ್ಕು, ಅಕ್ಕ ಕೂದಲನ್ನು ಮತ್ತೆ ಚೀಲಕ್ಕೇ ಹಾಕುತ್ತಾರೆ.

ಇನ್ನು ಆಸೆಯೇನಾದರೂ ಇದೆಯೇ ಎಂದು ಕೇಳಿದರೆ ಅಕ್ಕ ಬೀದಿಯತ್ತ ನೋಡುತ್ತಾರೆ. ಅವರು ಹೊಲಿದ ಕುರ್ಚಿಗಳು ಈ ಊರಿನ ಎಷ್ಟೋ ಮನೆಗಳಲ್ಲಿವೆ.

“ನಾನು ಹಾಕಿರೋ ಹಿಡಿ ಮೇಲ್ಮೇಲಿಂದು, ವರ್ಷ ಕಳೆದ ಹಾಗೆ ಕುಗ್ಗುತ್ತೆ. ಹಬೆಯಲ್ಲಿ ಅವರು ಕೂತ ಅಚ್ಚು ಅಳಿಯಲ್ಲ. ಆಗ ಒಂದೊಂದೇ ಎಡಕ್ಕೆ ವಾಲ್ಕೊಂಡು ವಾಪಸ್ ಬರ್ತವೆ. ಬರ್ಲಿ, ನಾನಿರ್ತೀನಿ.”